ಎರಡನೆಯ ಆಬ್ಜೆಕ್ಟ್

2024ರ ಜೂನ್ 12, ಬೆಳಿಗ್ಗೆ 6 ಗಂಟೆ 40 ನಿಮಿಷ. ಬೇತಮಂಗಲದ ಬಳಿಯ ಹಾಲಿನ ಡೈರಿಯಲ್ಲಿ, ಹಾಲಿನ ತೂಕ ದಾಖಲಿಸಲು ಸುಮಲತ ಬರೆದ ಪ್ರೋಗ್ರಾಮನ್ನು ಶುರುಮಾಡಲು ಕಾರ್ಯದರ್ಶಿ ಶ್ರೀರಾಮಪ್ಪ ಮೌಸ್ ಹಿಡಿದರು.

"ನೀನೂ ಅವಳ ಕ್ಲಾಸೇ ಅಲ್ವೇನಮ್ಮ? ನಿಂಗ್ಯಾಕೆ ಬರ್ಲಿಲ್ಲ ಈ ಬುದ್ಧಿ?" ಎಂದು ಪಕ್ಕದಲ್ಲಿ ನಿಂತಿದ್ದ ಇಂದ್ರಾಣಿಯನ್ನು ಕೆಣಕಿದರು.

ಇಂದ್ರಾಣಿ ಪ್ರೋಗ್ರಾಮಿನ ತಪ್ಪನ್ನು ನಿನ್ನೆಯೇ ಕಂಡಿದ್ದಳು. ತೂಕದ ಯಂತ್ರವನ್ನು ಓದುವ ಆಬ್ಜೆಕ್ಟ್, ಅಂದರೆ ಆ ಕೆಲಸ ಮಾಡುವ ಘಟಕ, ಪ್ರೋಗ್ರಾಮಿನಲ್ಲಿ ಒಂದೇ ಇರಬೇಕು. ಹಸುವಿನ ಹಾಲಿನ ಪರದೆ, ಎಮ್ಮೆ ಹಾಲಿನ ಪರದೆ ಒಂದೇ ಕ್ಷಣಕ್ಕೆ ತೆರೆದರೆ ಎರಡು ಹುಟ್ಟುತ್ತವೆ. ಯಂತ್ರವನ್ನು ಮೊದಲನೆಯದು ಹಿಡಿದುಕೊಳ್ಳುವುದರಿಂದ ಎರಡನೆಯದಕ್ಕೆ ತೂಕ ಸಿಗುವುದಿಲ್ಲ. ಹೇಳಿದ್ದರೆ ಸುಮಲತ ಸರಿಮಾಡಿ ಮತ್ತೆ ಹೊಗಳಿಸಿಕೊಳ್ಳುತ್ತಿದ್ದಳು. ಎಲ್ಲರೆದುರು ಸೋಲಲಿ ಎಂದು ಇಂದ್ರಾಣಿ ತುಟಿ ಬಿಚ್ಚಲಿಲ್ಲ.

ಎರಡೂ ಪರದೆಗಳು ಒಟ್ಟಿಗೆ ತೆರೆದವು. ಮೊದಲು ಎಮ್ಮೆ ಹಾಲು ತಂದವಳು ಇಂದ್ರಾಣಿಯ ತಾಯಿ ಮುನಿಶಾಮಮ್ಮ.

"ಕ್ಯಾನು ಪೂರಾ ಉಯ್ದಿವ್ನಿ, ಎಷ್ಟೈತೆ ನೋಡೇ ಇಂದ್ರಾಣಿ!"

ಹಾಲು ಆಗಲೇ ದೊಡ್ಡ ಟ್ಯಾಂಕಿಗೆ ಇಳಿದಾಗಿತ್ತು. ಎಮ್ಮೆ ಹಾಲಿನ ಪರದೆಯಲ್ಲಿ ಅದರ ತೂಕ 0.00 ಕಿಲೋಗ್ರಾಂ.