ಒಂದೇ ತಿದ್ದುಪಡಿ

ಅವನ ಮೊದಲ ಕಾದಂಬರಿಯ ಕರಡನ್ನು ಅಪ್ಪನೇ ತಿದ್ದುತ್ತಿದ್ದರು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವರು. ಮಗನ ಪುಸ್ತಕವನ್ನು ಬೇರೆಯವರ ಕೈಗೆ ಕೊಡಲು ಸುತರಾಂ ಒಪ್ಪಿರಲಿಲ್ಲ.

ಮಗ ಎದುರಿಗೇ ಕೂತು, ಮಗುಚುವ ಒಂದೊಂದು ಹಾಳೆಯನ್ನೂ ನೋಡುತ್ತಿದ್ದ. ಗಂಡಸೊಬ್ಬ ಇನ್ನೊಬ್ಬ ಗಂಡಸನ್ನು ಪ್ರೀತಿಸಿದ ಆ ಕಥೆ ಅವನದೇ. ಗುರುತು ಹತ್ತಬಾರದೆಂದು ನಾಯಕನನ್ನು ನಲವತ್ತು ವರ್ಷ ಹಿಂದಕ್ಕೆ ಒಯ್ದು, ಮದುವೆ ಮಾಡಿಸಿ, ಒಬ್ಬ ಮಗನನ್ನೂ ಕೊಟ್ಟಿದ್ದ. ಆ ಮುಖವಾಡದ ಹಿಂದೆ ತಾನು ಕಾಣಿಸಲಾರೆ ಎಂಬ ಧೈರ್ಯ ಈಗ ಕರಗುತ್ತಿತ್ತು.

ಕೊನೆಯ ಅಧ್ಯಾಯದಲ್ಲಿ ಅಪ್ಪನ ಕೆಂಪು ಪೆನ್ನು ನಿಂತುಬಿಟ್ಟಿತು.

"ಇದನ್ನೆಲ್ಲ ನಿನ್ನ ಕಿವಿಗೆ ಹಾಕಿದ್ದು ಯಾರು?"

"ಯಾರೂ ಇಲ್ಲಪ್ಪ. ಬರೀ ಕಲ್ಪನೆ."

"ಸುಳ್ಳು ಹೇಳಬೇಡ."

"ನಿಮ್ಮಾಣೆ, ಯಾರೂ ಹೇಳಿಲ್ಲ." ಅವನು ಹಾಳೆಯತ್ತ ಬಾಗಿದ. "ಯಾಕೆ, ಏನಾದರೂ ತಪ್ಪಾಗಿದೆಯಾ?"

ಅಪ್ಪ ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

"ಒಂದೇ ಒಂದು ತಪ್ಪು. ಮದುವೆಗೆ ಆ ಗೆಳೆಯ ಬರಲೇ ಇಲ್ಲ ಅಂತ ಬರೆದಿದ್ದೀಯ. ಬಂದಿದ್ದ. ನನ್ನ ಎಲೆಗೂ ನಿನ್ನಮ್ಮನ ಎಲೆಗೂ ಅವನೇ ಹೋಳಿಗೆ ಬಡಿಸಿದ."