ಹುಳಿಯಿಲ್ಲದ ಪತ್ರೊಡೆ

ಮೂರು ವರ್ಷದಿಂದ ವಾರಿಜಾ ಹೇಳಿಕೊಟ್ಟ ಅಡುಗೆಗಳನ್ನೆಲ್ಲ ಕುಸುಮಾ ಗೆಳತಿಯರ ಊಟದ ಕೂಟದಲ್ಲಿ ತನ್ನದೇ ಎಂದು ಬಡಿಸಿ ಹೊಗಳಿಸಿಕೊಂಡಿದ್ದಳು. ಆಫೀಸು, ಮಕ್ಕಳು ಎಂದು ಹೈರಾಣಾಗಿ ಬರುತ್ತಿದ್ದ ವಾರಿಜಾಳಿಗೆ ಯಾರೂ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ.

ಈ ಸಲ ಘಟ್ಟದ ಮೇಲಿನ ಕುಸುಮಾಳಿಗೆ ಕರಾವಳಿಯ ಪತ್ರೊಡೆ ಮಾಡುವ ಆಸೆಯಾಯಿತು.

ವಾರಿಜಾ ಫೋನಿನಲ್ಲೇ ಅಕ್ಕಿ, ಮೆಣಸು, ಬೆಲ್ಲದ ಅಳತೆ ಹೇಳಿದಳು. ಕೆಸುವಿನೆಲೆಯ ತುರಿಕೆ ತೆಗೆಯುವ ಹುಣಸೆಹಣ್ಣನ್ನು ಮಾತ್ರ ಹೇಳಲಿಲ್ಲ.

"ಹುಳಿ ಏನೂ ಬೇಡ್ವೇನೇ?"

"ಹಾಕಿದ್ರೆ ರುಚಿಯೇ ಹೋಗ್ತದೆ ಮಾರಾಯ್ತಿ. ನನ್ನ ಮೇಲೆ ನಂಬಿಕೆ ಇಲ್ವಾ?"

"ಅಯ್ಯೋ, ನಿನ್ನ ಬಿಟ್ಟು ಇನ್ಯಾರನ್ನ ನಂಬ್ಲಿ!"

ಕೂಟದ ದಿನ ವಾರಿಜಾ ಬೇಕೆಂದೇ ತಡಮಾಡಿ ಹೋದಳು. ಒಳಗೆ ಮೂವತ್ತು ಹೆಂಗಸರು ಗಂಟಲು ಹಿಡಿದುಕೊಂಡು ಕೆಮ್ಮುತ್ತಿದ್ದರು. ಒಬ್ಬಾಕೆಯ ತುಟಿ ಬಾತುಕೊಂಡಿತ್ತು. ವಾರಿಜಾಳ ಹೊಟ್ಟೆ ತಣ್ಣಗಾಯಿತು.

ಕುಸುಮಾ ಅಳುತ್ತ ಓಡಿಬಂದಳು.

"ನನ್ನ ಕ್ಷಮಿಸೇ ವಾರಿಜಾ. ಇಷ್ಟು ವರ್ಷ ಬಡಿಸಿದ್ದೆಲ್ಲ ನಿನ್ನ ಅಡುಗೆ, ಇವತ್ತಿಂದೂ ನಿಂದೇ ಅಂತ ಊಟಕ್ಕೆ ಮುಂಚೆ ಎಲ್ಲರ ಎದುರೂ ಹೇಳ್ಬಿಟ್ಟಿದ್ದೆ."