ಮೂಲೆ ಡಬ್ಬಿಯ ಐಸ್‌ಕ್ರೀಮು

“ಇವಳಿಗೆ ಆ ಮೂಲೆ ಡಬ್ಬಿಯದು” ಎಂದು ಸಂತೋಷಕುಮಾರ ಗಾಜಿನಾಚೆ ಬೆರಳು ತೋರಿಸಿದ. ಜರ್ಮನಿಯ ಕಾರ್ಲ್ಸ್‌ರುಹೆಯ ಆ ಐಸ್‌ಕ್ರೀಮ್ ಅಂಗಡಿಯಲ್ಲಿ ಬಣ್ಣಬಣ್ಣದ ಡಬ್ಬಿಗಳ ಸಾಲು ಮುಗಿದ ಮೇಲೆ, ಪಂಕ್ತಿಯ ಕೊನೆಗೆ ಕೂಡಿಸಿದ ಬಡ ನೆಂಟನ ಹಾಗೆ, ಒಂದು ಬಿಳಿ ಡಬ್ಬಿ ಇತ್ತು. ಮೇಲೆ ‘ಡಯಬೆಟಿಕರ್ ಐಸ್’ ಎಂಬ ಚೀಟಿ. ಸಕ್ಕರೆ ಕಾಯಿಲೆಯವರಿಗೆಂದೇ ಸಕ್ಕರೆ ಬಿಟ್ಟು ಮಾಡಿದ್ದು. ಜರ್ಮನರು ಮಾಡಿದ್ದರಲ್ಲೆಲ್ಲ ಸಂತೋಷಕುಮಾರನಿಗೆ ಬಹಳ ಹಿಡಿಸಿದ್ದು ಅದೇ. ಹೆಂಡತಿ ಬಸವೇಶ್ವರಿಗೆ ಹಿಡಿಸಿತೋ ಇಲ್ಲವೋ, ಅವನು ಕೇಳಿದವನಲ್ಲ.

ಅಂದು ಶ್ರಾವಣ ಸೋಮವಾರ. ಬಸವೇಶ್ವರಿ ಬೆಳಗಿನಿಂದ ಒಂದು ಲೋಟ ಮಜ್ಜಿಗೆಯ ಮೇಲಿದ್ದಳು. ಸಂಜೆ ಪೂಜೆ ಆದ ಮೇಲೇ ಊಟ. ಬೆಳಿಗ್ಗೆ ಇನ್ಸುಲಿನ್ ಸೂಜಿ ಹಿಡಿದು ಬಂದ ಗಂಡನಿಗೆ, “ಇವತ್ತ ಉಪವಾಸ ಐತ್ರಿ, ಸ್ವಲ್ಪ ಕಡಿಮಿ ಹಾಕ್ರಿ” ಅಂದಿದ್ದಳು. “ಡಾಕ್ಟರಗಿಂತ ಶಾಣ್ಯಾಕಿ ಆದೇನು?” ಎಂದು ಅವನು ದಿನದಷ್ಟನ್ನೇ ಚುಚ್ಚಿ ಆಫೀಸಿಗೆ ಹೋಗಿದ್ದ. ಸಂಜೆ ಬರುವಾಗ ಜತೆಗೆ ಪ್ರವೀಣಕುಮಾರ. ಜರ್ಮನರು ಸಾಫ್ಟ್‌ವೇರಿನವರಿಗೆ ಕೊಡುವ ಗ್ರೀನ್ ಕಾರ್ಡಿನ ಮೇಲೆ ಹೊಸದಾಗಿ ಬಂದಿಳಿದ ಆಫೀಸಿನ ಹುಡುಗ, ಇನ್ನೂ ಮದುವೆಯಿಲ್ಲ. ಪೂಜೆಗೆ ಮೊದಲೇ ಇಬ್ಬರನ್ನೂ ಐಸ್‌ಕ್ರೀಮಿಗೆ ಹೊರಡಿಸಿದ್ದ.

ಮೂವರೂ ಹೊರಗೆ ಕೊಡೆಯ ಕೆಳಗೆ ಕೂತರು. ಆ ವರ್ಷ ಜರ್ಮನಿ ಬಿಜಾಪುರದ ಹಾಗೆ ಕಾದಿತ್ತು. ಗಂಡನ ಕಪ್ಪಿನಲ್ಲಿ ಶಾವಿಗೆಯಂತೆ ಹಿಂಡಿದ ವೆನಿಲ್ಲಾ, ಅದರ ಮೇಲೆ ಕೆಂಪಗೆ ಸ್ಟ್ರಾಬೆರಿಯ ರಸ.

“ಐಸ್‌ಕ್ರೀಮು ಉಪವಾಸಕ್ಕ ನಡೀತೈತೇನ್ರಿ ವೈನಿ?” ಪ್ರವೀಣಕುಮಾರ ನಕ್ಕ.

“ಹಾಲಿಂದಲ್ಲೇನೋ, ನಡೀತೈತಿ.” ಅಂದವನು ಗಂಡ. ಅವಳಿಗೆ ಕೇಳಿದ್ದಕ್ಕೂ ಉತ್ತರ ಅವನದೇ. “ಮೂರು ವರ್ಷದಿಂದ ಇಕಿ ಶುಗರ್ ನಾನಽ ಕಂಟ್ರೋಲಿನ್ಯಾಗ ಇಟ್ಟೀನಿ. ಆಫೀಸಿನ ಪ್ರಾಜೆಕ್ಟ್ ಸುದ್ದಾ ಇಷ್ಟು ನೀಟ್ ನಡಸಿಲ್ಲ ನೋಡು.”

“ಭಾರಿ ಬಿಡ್ರಿ ಅಣ್ಣಾ.”

ಬಸವೇಶ್ವರಿ ತನ್ನ ಕಪ್ಪನ್ನು ನೋಡುತ್ತ ಕೂತಳು. ಹೊಡೆಯುವ ಗಂಡನಾದರೆ ಬೈಯಬಹುದು, ಕುಡಿಯುವವನಾದರೆ ನಾಲ್ಕು ಜನರ ಮುಂದೆ ಅಳಬಹುದು. ಕಾಳಜಿ ಮಾಡುವವನ ಮೇಲೆ ಯಾರ ಹತ್ತಿರ ದೂರು ಹೇಳುವುದು? ಕೈ ಹಿಡಿದವನು ಈಗ ಹಿಡಿಯುತ್ತಿದ್ದದ್ದು ಬೆರಳನ್ನು, ಅದೂ ಚುಚ್ಚುವುದಕ್ಕೆ. ಕಾಯಿಲೆಗೆ ಸೂಜಿ ಇತ್ತು. ಈ ದಣಿವಿಗೆ ಯಾವ ಡಾಕ್ಟರೂ ಏನೂ ಬರೆದುಕೊಟ್ಟಿರಲಿಲ್ಲ.

ಎರಡು ಚಮಚ ಬಾಯಿಗೆ ಹೋಗಿತ್ತು, ಕೈ ನಡುಗತೊಡಗಿತು. ಬೆನ್ನ ಮೇಲೆ ತಣ್ಣನೆ ಬೆವರು. ನಾಲಿಗೆ ದಪ್ಪಗಾಯಿತು. ಎದುರಿನ ರಸ್ತೆಯಲ್ಲಿ ನಿಂತ ಒಂದು ಟ್ರಾಮು ಎರಡಾಗಿ ಕಂಡಿತು. ಅವಳಿಗೆ ತಿಳಿದುಹೋಯಿತು. ಏರಿದ ಸಕ್ಕರೆ ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತದೆ, ಇಳಿದ ಸಕ್ಕರೆ ನಿಂತ ಕಾಲಲ್ಲೇ ಕೆಡವುತ್ತದೆ. ಆಗ ಬೇಕಾದದ್ದು ಖರೇ ಸಿಹಿ. ಕೈಯಲ್ಲಿದ್ದದ್ದು ಸಿಹಿಯ ವೇಷ ಹಾಕಿಕೊಂಡದ್ದು.

“ರೀ, ಸಕ್ಕರಿ ಇಳದೈತಿ. ನಿಮ್ಮದರಾಗ ಸ್ವಲ್ಪ ಕೊಡ್ರಿ.”

“ಬಿಸಿಲಿಗೆ ಹಂಗ ಆಗತೈತಿ. ನಿಂದು ತಿನ್ನು, ಅದೂ ಐಸ್‌ಕ್ರೀಮಽ.”

“ಇದರಾಗ ಸಕ್ಕರಿ ಇಲ್ಲರಿ. ಮಿಶಿನ್ನರೆ ತಗೀರಿ, ರಕ್ತಾ ನೋಡೂಣು.”

“ಇಷ್ಟು ಮಂದಿ ಮುಂದ ಬೆರಳು ಚುಚ್ಚಲೇನು? ಮುಂಜಾನೆ ನೋಡೀನಿ, ಭರಪೂರ ಇತ್ತು.” ಅವನು ಪ್ರವೀಣಕುಮಾರನ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ನಾಟಕ ನೋಡಿದೇನು? ನನ್ನ ಕಪ್ಪಿನ ಮ್ಯಾಲ ಕಣ್ಣು.”

ಪ್ರವೀಣಕುಮಾರ ಅರ್ಧ ನಕ್ಕವನು ನಗು ನುಂಗಿದ. “ಅಣ್ಣಾ, ವೈನಿ ಮುಖ ಬೆಳ್ಳಗಾಗೇತ್ರಿ...”

“ಸುಮ್ಮನಿರೋ. ನನಗ ಗೊತ್ತೈತಿ.”

ಲೋಕದಲ್ಲಿ ಗೊತ್ತಿಲ್ಲದವರಿಂದ ಸತ್ತವರು ಕಡಿಮೆ. ಗೊತ್ತೈತಿ ಅನ್ನುವವರ ಕೈಯಲ್ಲಿ ಸತ್ತವರೇ ಹೆಚ್ಚು. ಮೂರನೇ ಸಲ ಕೇಳೋಣವೆಂದರೆ ಬಸವೇಶ್ವರಿಗೆ ನಾಲಿಗೆ ಹೊರಳಲಿಲ್ಲ. ಕೇಳಿ ಕೇಳಿ ಸಾಕಾಗಿಯೂ ಇತ್ತು. ತೋಳು ಚಾಚಿ ಅವನ ಕಪ್ಪನ್ನು ಎಳೆದುಕೊಂಡಳು. ಚಮಚ ಉರುಳಿ ಕಲ್ಲಿನ ಮೇಲೆ ಬಿತ್ತು. ಅವಳು ಬೆರಳು ಹಾಕಿ ಬಾಚಿ ಬಾಚಿ ತಿಂದಳು. ಕೆಂಪು ರಸ ಮೊಣಕೈ ತನಕ ಇಳಿಯಿತು. ಪಕ್ಕದ ಮೇಜಿನ ಜರ್ಮನ್ ಮುದುಕಿ ಓದುತ್ತಿದ್ದ ಪೇಪರನ್ನು ಇಳಿಸಿದಳು.

“ಬಸೂ! ಹುಚ್ಚು ಹಿಡೀತೇನು?” ಎಂದು ಅವನು ಅವಳ ಮುಂಗೈ ಹಿಡಿದ. ಪ್ರವೀಣಕುಮಾರ ಅವನದನ್ನು ಹಿಡಿದ.

“ಬಿಡ್ರಿ ಅಣ್ಣಾ. ತಿನ್ಲಿ.”

ಕಪ್ಪಿನ ತಳ ಕಾಣುತ್ತ ಬಂದಂತೆ ಅವಳ ಕೈಯ ನಡುಕ ಇಳಿಯಿತು. ಎದುರಿನ ರಸ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಆಗ ಸಂತೋಷಕುಮಾರನಿಗೆ ತಿಳಿಯಿತು, ಇದು ನಾಟಕವಲ್ಲ ಎಂದು. ತಡವರಿಸುತ್ತ ಬ್ಯಾಗಿನ ಜಿಪ್ಪು ಎಳೆದು ಮಿಶಿನ್ನು ತೆಗೆದ.

“ಬೆರಳು ಕೊಡು.”

ಬಸವೇಶ್ವರಿ ಬೆರಳು ಕೊಡಲಿಲ್ಲ. ಲೋಟದ ನೀರಿನಲ್ಲಿ ಕೈ ತೊಳೆದು, ಒರೆಸಿ, ಮಿಶಿನ್ನನ್ನೇ ಅವನ ಕೈಯಿಂದ ತೆಗೆದುಕೊಂಡಳು. ತಾನೇ ಚುಚ್ಚಿಕೊಂಡು ಹನಿ ಮುಟ್ಟಿಸಿದಳು. ಬಂದ ಅಂಕಿಯನ್ನು ನೋಡಿದಳು, ಮಿಶಿನ್ನು ಆರಿಸಿದಳು, ತನ್ನ ಪರ್ಸಿನಲ್ಲಿ ಹಾಕಿಕೊಂಡಳು.

“ಎಷ್ಟೈತಿ?”

ಅವಳು ತನ್ನ ಚಮಚದಿಂದ ಅವನ ಕಪ್ಪಿನ ತಳ ಕೆರೆಯುತ್ತಿದ್ದಳು.

“ಎಷ್ಟೈತಿ, ಹೇಳಽ ಬಸೂ.”

“ಎಷ್ಟರೆ ಇರಲಿ,” ಅವಳು ತಲೆ ಎತ್ತಲಿಲ್ಲ, “ನಂದೈತಿ.”